ಮೂರು ಗೋಡೆಯ ಟೆಂಟು, ಆರು ಮೂಟೆ ಕಾಯಿ

ಮನೆಗೆ ಬರುವ ನೆಂಟರು ನಮ್ಮನ್ನು ನೋಡಲು ಬರುತ್ತಾರೋ, ನಮ್ಮ ಮನೆಯನ್ನು ನೋಡಲು ಬರುತ್ತಾರೋ ಎಂಬ ಪ್ರಶ್ನೆಗೆ ಐವತ್ತೆರಡು ವರ್ಷವಾದರೂ ನನಗೆ ಉತ್ತರ ಸಿಕ್ಕಿಲ್ಲ. ಸಿಗುವ ತನಕ ಎರಡನ್ನೂ ಒರೆಸಿ ಇಟ್ಟಿರೋಣ ಎಂದು ಬದುಕಿದವಳು ನಾನು. ಯಾರಾದರೂ ಬರುತ್ತಾರೆ ಎಂದು ಫೋನು ಬಂತೆನ್ನಿ, ಬೇರೆ ಹೆಂಗಸರು ಹಾಲು ತರಲು ಓಡುತ್ತಾರೆ. ನಾನು ಮುಚ್ಚಲು ಓಡುತ್ತೇನೆ. ಟಿ.ವಿ.ಯ ಹಿಂದಿನ ವೈರುಗಳ ಗೋಜಲಿಗೆ ಕ್ಯಾಲೆಂಡರು, ಬಣ್ಣ ಕಿತ್ತ ಗೋಡೆಗೆ ಕುರ್ಚಿ, ಕುರ್ಚಿಯ ಹರಿದ ಬೆತ್ತಕ್ಕೆ ಟವೆಲ್ಲು, ಟವೆಲ್ಲಿನ ಕಲೆಯ ಮೇಲೆ ನಾನೇ. ಹೀಗೆ ಒಂದರ ಮೇಲೊಂದು ಮುಚ್ಚುತ್ತಾ ಹೋಗಿ ಕೊನೆಗೆ ನೆಂಟರು ಕೂರುವುದಕ್ಕೆ ಜಾಗ ಉಳಿಯದೆ ಹೋದದ್ದೂ ಉಂಟು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಾತಾಡಿದರೆ ಅಳತೆ ಇಟ್ಟು ಮಾತಾಡುವವರು. ಅವರು ಒಮ್ಮೆ ಹೇಳಿದರು: "ನಿನ್ನ ಕೈಗೆ ಸಿಕ್ಕಿದ್ರೆ ಹೇಮಾವತಿ ಹೊಳೆಗೂ ಒಂದು ಬೆಡ್‌ಶೀಟ್ ಹೊದಿಸಿ, ನೆಂಟ್ರು ಹೋದ ಮೇಲೆ ತೆಗೀತೀಯ ಕಣೇ." ನನಗೆ ಬೇಜಾರಾಗಲಿಲ್ಲ. ಹೊಳೆಯಲ್ಲಿ ನೀರು ಕಡಿಮೆಯಿದ್ದ ವರ್ಷ ಅದೇನೂ ಕೆಟ್ಟ ಯೋಚನೆಯಲ್ಲ.

ಈ ಸಲ ಮುಚ್ಚಬೇಕಾದದ್ದು ಸ್ವಲ್ಪ ದೊಡ್ಡದಾಗಿತ್ತು. ನಮ್ಮ ಒಬ್ಬಳೇ ಮಗಳು ಚೈತ್ರಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದೇವೆ. ಏಳನೇ ತಿಂಗಳು ತುಂಬುತ್ತಾ ಬಂದಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಎನ್ನುವುದು ನಮ್ಮ ಕಡೆ ಯಾರೂ ಕೇಳಬೇಕಾಗಿಯೇ ಇಲ್ಲದ ಮಾತು. ನಾನು ಆಗಲೇ ಬೆಳ್ಳುಳ್ಳಿ ಬಿಡಿಸಿ, ಮೆಣಸು ಆರಿಸಿ, ಕೊಬ್ಬರಿ ಒಣಗಿಸಿಟ್ಟು, ಹಳೆಯ ಮೂರು ಸೀರೆಗಳನ್ನು ಒಗೆದು ಒಗೆದು ಮಗುವಿನ ಮೈಗೆ ಹಿತವಾಗುವಷ್ಟು ಮೆತ್ತಗೆ ಮಾಡಿದ್ದೆ. ಯಜಮಾನರು ತೊಟ್ಟಿಲಿಗೆಂದು ಸೂರಿಗೆ ಕೊಕ್ಕೆ ಹಾಕಿಸಿ, ಅದು ಎಷ್ಟು ಭಾರ ತಡೆಯುತ್ತದೆಂದು ತಾವೇ ಜೋತುಬಿದ್ದು ನೋಡಿದ್ದರು. ಇಷ್ಟೆಲ್ಲ ಆದ ಮೇಲೆ ಒಂದು ಬೆಳಗ್ಗೆ ಬೀಗಿತ್ತಿ ಜಯಕ್ಕನ ಫೋನು ಬಂತು.

"ಸರೋಜಮ್ಮ, ಆಸ್ಪತ್ರೆ ನಮ್ಮನೆಯಿಂದ ಕೂಗಳತೆ ದೂರ ಕಣಮ್ಮ. ನಿಮ್ಮನೆ ಯಂಗೈತೋ, ಬೀದಿ ಯಂಗೈತೋ, ನಾನು ಕಂಡಿಲ್ಲ. ಮದುವೇಲಿ ಛತ್ರ ನೋಡ್ದೆ ಅಷ್ಟೆಯ. ಸೀಮಂತಕ್ಕೆ ಬತ್ತೀವಲ್ಲ, ಕಣ್ಣಾರೆ ನೋಡ್ಕಂಡು ಯೋಳ್ತೀನಿ. ಸರಿ ಕಂಡ್ರೆ ಅಲ್ಲೇ ಬುಟ್ಟು ಬತ್ತೀನಿ. ಇಲ್ದಿದ್ರೆ ಸಂದೇಕೆ ನಮ್ಮ ಜೊತೇಲೇ ವಾಪಸ್ ಕರ್ಕಂಡು ಬತ್ತೀನಿ. ಬೇಜಾರ್ ಮಾಡ್ಕಬ್ಯಾಡ."

ಬೇಜಾರು ಮಾಡಿಕೊಳ್ಳಬೇಡ ಎಂದು ಯಾರಾದರೂ ಹೇಳಿದ ಮೇಲೆ ಮಾಡಿಕೊಳ್ಳದೆ ಇರುವುದು ಹೇಗೆ? ಅಡುಗೆಮನೆಗೆ ಹೋಗಿ ಬಿಡಿಸಿಟ್ಟ ಬೆಳ್ಳುಳ್ಳಿಯ ಡಬ್ಬಿಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಆಮೇಲೆ ಬಾಗಿಲಿಗೆ ಬಂದು ಜಯಕ್ಕನ ಕಣ್ಣಿನಿಂದ ನಮ್ಮ ಬೀದಿಯನ್ನು ನೋಡಿದೆ.

ಚನ್ನರಾಯಪಟ್ಟಣದಲ್ಲಿ ನಮ್ಮ ಬೀದಿ ತಕ್ಕಮಟ್ಟಿಗೆ ಒಳ್ಳೆಯ ಬೀದಿಯೇ. ಬೀದಿಯವರೆಲ್ಲ ಸೇರಿ ಅರ್ಜಿ ಹಾಕಿ ಹಾಕಿಸಿಕೊಂಡ ಸಿಮೆಂಟ್ ರಸ್ತೆ ಇದೆ. ನಮ್ಮ ಮನೆ ಚಿಕ್ಕದಾದರೂ ಗಾಳಿ ಬೆಳಕಿಗೆ ಕೊರತೆಯಿಲ್ಲ. ಆದರೆ ನಮ್ಮ ಗೇಟಿನ ಪಕ್ಕಕ್ಕೇ ಒಂದು ಖಾಲಿ ಸೈಟಿದೆ. ಅದರ ಧಣಿ ಯಾರೆಂದು ಯಾರಿಗೂ ಗೊತ್ತಿಲ್ಲ, ಅವರಿಗೂ ಮರೆತಿರಬಹುದು. ಅದರಲ್ಲಿ 'ಇಲ್ಲಿ ಕಸ ಹಾಕಬಾರದು' ಎಂದು ಒಂದು ಬೋರ್ಡಿದೆ. ಬೀದಿಯ ಕಸ ಆ ಬೋರ್ಡಿನ ಬುಡದಿಂದಲೇ ಶುರುವಾಗುತ್ತದೆ, ಜಾಗ ಹುಡುಕುವವರಿಗೆ ಗುರುತು ಸಿಗಲಿ ಎಂದು. ಅದರ ಹಿಂದೆ ಪಾರ್ಥೇನಿಯಂ ಗಿಡ, ಗಿಡದ ಹಿಂದೆ ಒಂದು ಹಂದಿಯ ಸಂಸಾರ. ನಾನು ಸುಳ್ಳು ಹೇಳುವವಳಲ್ಲ, ನಾನೂ ಅಲ್ಲಿಗೆ ಸೊಪ್ಪಿನ ದಂಟು, ಈರುಳ್ಳಿ ಸಿಪ್ಪೆ ಎಸೆದಿದ್ದೇನೆ. ಆದರೆ ನಾನು ಎಸೆದದ್ದು ಗೊಬ್ಬರ. ಉಳಿದವರು ಎಸೆಯುವುದು ಕಸ. ಈ ಮಾತನ್ನು ಬೀದಿಯ ಹೆಂಗಸರ ಮುಂದೆ ಎತ್ತಿದಾಗ ಪ್ರತಿಯೊಬ್ಬರೂ ತಾವು ಎಸೆಯುತ್ತಿರುವುದು ಗೊಬ್ಬರವೆಂದೇ ಹೇಳಿದರು. ಹಾಗಾದರೆ ಅಲ್ಲಿ ಬಿದ್ದಿರುವ ಹರಿದ ಸೋಫಾ ಯಾವ ಬೆಳೆಗೆ ಎಂದು ಯಾರೂ ಬಾಯಿಬಿಡಲಿಲ್ಲ.

ತೆಗೆಸಬಹುದಿತ್ತು. ಒಂದು ದಿನದ ಕೆಲಸ. ಆದರೆ ತೆಗೆಸಿದರೆ ಇಷ್ಟು ದಿನ ಇತ್ತು ಎಂದು ಒಪ್ಪಿಕೊಂಡ ಹಾಗಾಗುತ್ತದೆ, ಮತ್ತೆ ಮಾರನೇ ದಿನಕ್ಕೆ ತುಂಬುತ್ತದೆ. ಮರೆ ಮಾಡುವುದು ಸುಲಭ. ದೊಡ್ಡವರು ಊರಿಗೆ ಬರುವಾಗ ರಸ್ತೆ ಪಕ್ಕದ ಹಳ್ಳಕ್ಕೆ ಬಟ್ಟೆ ಕಟ್ಟುವುದನ್ನು ನೋಡಿ ನೋಡಿ ನಾವೆಲ್ಲ ಇಷ್ಟಾದರೂ ಕಲಿತಿದ್ದೇವೆ. ಸೀಮಂತ ಮನೆಯ ಮುಂದೆಯೇ ಆಗಬೇಕೆಂದು ಚೈತ್ರ ಹಟ ಹಿಡಿದಿದ್ದಳು. ಆಷಾಢ ಹುಟ್ಟುವುದರೊಳಗೆ ಮುಗಿಸಬೇಕಾದ್ದರಿಂದ ಛತ್ರಗಳೂ ಖಾಲಿ ಇರಲಿಲ್ಲ. ಶಾಮಿಯಾನ ಹಾಕಿಸೋಣವೆಂದರೆ ಗಳ ನೆಡಲು ಸಿಮೆಂಟ್ ರಸ್ತೆ ಒಪ್ಪುವುದಿಲ್ಲ. ಆಗ ಯಜಮಾನರು ಮೊಬೈಲು ತಿರುಗಿಸಿ ತೋರಿಸಿದರು. ಮಡಚುವ ಟೆಂಟು. ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಗುಂಡಿ ತೋಡುವ ಹಾಗಿಲ್ಲ, ಮೂರು ಕಡೆಗೆ ಗೋಡೆಯ ಹಾಗೆ ದಪ್ಪ ಬಟ್ಟೆ ಇಳಿಬಿಡಬಹುದು. ಗೋಡೆ ಎಂಬ ಮಾತು ಕೇಳಿದ ಕ್ಷಣವೇ ನನ್ನ ಮನಸ್ಸು ಅದರಲ್ಲಿ ನೆಟ್ಟುಹೋಯಿತು.

ಯಜಮಾನರು ಹನ್ನೊಂದು ದಿನ ಅದರ ಬಗ್ಗೆ ಓದಿದರು. ಕೊಂಡವರು ಬರೆದ ಅಭಿಪ್ರಾಯಗಳನ್ನು ಊಟದ ಹೊತ್ತಿಗೆ ನನಗೂ ಓದಿ ಹೇಳುತ್ತಿದ್ದರು. ಒಬ್ಬರು ಐದಕ್ಕೆ ಐದು ನಕ್ಷತ್ರ ಕೊಟ್ಟು 'ಇನ್ನೂ ಬಿಚ್ಚಿಲ್ಲ, ಪ್ಯಾಕಿಂಗ್ ಬಹಳ ಚೆನ್ನಾಗಿದೆ' ಎಂದಿದ್ದರು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು 'ಮೊದಲನೇ ಗಾಳಿಗೆ ಪಕ್ಕದ ಮನೆಯವರದಾಯಿತು' ಎಂದಿದ್ದರು. "ಅವರಿಗೆ ಕಟ್ಟೋಕೆ ಬಂದಿಲ್ಲ, ಅಷ್ಟೇ" ಎಂದರು ಯಜಮಾನರು, ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಾ. ಕೊನೆಗೆ ಕಣ್ಣಲ್ಲಿ ನೋಡಿಯೇ ಕೊಳ್ಳೋಣವೆಂದು ಹಾಸನಕ್ಕೆ ಹೋದೆವು. ಅಂಗಡಿಯವನು ನಗುಮುಖದ ಮನುಷ್ಯ. ಕಂಬ ಮುಟ್ಟಿಸಿದ, ಬಟ್ಟೆ ಎಳೆದು ತೋರಿಸಿದ.

"ಫುಲ್ ವಾಟರ್‌ಪ್ರೂಫ್ ಸಾ."

"ಮಳೆ ಬಂದ್ರೆ ತಡೆಯುತ್ತಾ?" ಎಂದರು ಯಜಮಾನರು.

"ಮಳೇಲಿ ಯಾಕ್ ಇಡ್ತೀರಾ ಸಾ? ಮೇಲೆ ನೀರು ನಿಂತ್ಕಂಡ್ರೆ ಜಗ್ಬುಡ್ತದೆ. ಮಳೆ ಬಂದ್ರೆ ಮಡಚ್ಬುಡಿ."

"ಬಿಸಿಲಿಗೆ?"

"ಬಿಸಿಲಿಗೆ ಸೂಪರ್ ಸಾ. ಆದ್ರೆ ಜಾಸ್ತಿ ಹೊತ್ತು ಬುಡಬ್ಯಾಡಿ, ಬಣ್ಣ ಓಯ್ತದೆ."

"ಗಾಳಿಗೆ ಹೇಗಪ್ಪಾ?" ಎಂದೆ ನಾನು.

"ಗಾಳಿ ಬಂದ್ರೆ ಸೈಡ್‌ವಾಲ್ ಮೊದ್ಲು ಬಿಚ್ಬುಡಿ ಅಮ್ಮಾ. ಗೋಡೆ ಇದ್ರೆ ಗಾಳಿ ಒಳಕ್ಕೆ ತುಂಬ್ಕಂಡು ಎತ್ತುತದೆ. ಗೋಡೆ ಬಿಚ್ಚಿ, ಕಾಲಿಗೆ ಭಾರ ಕಟ್ಟಿ, ಆಮೇಕೆ ನಿಶ್ಚಿಂತೆ."

ಅಂದರೆ ಮಳೆ, ಬಿಸಿಲು, ಗಾಳಿ ಮೂರೂ ಇಲ್ಲದ ಕಡೆ ಹಾಕಿದರೆ ಇದು ಬಹಳ ಕಾಲ ಬಾಳುತ್ತದೆ. ನಮ್ಮ ನಡುಮನೆ ನೆನಪಾಯಿತು. ಆದರೂ ಆ ಮಾರಾಟಗಾರನ ಮಾತಿನಲ್ಲಿ ಸತ್ಯವಿದ್ದದ್ದು ಗಾಳಿಯ ವಿಷಯ ಒಂದೇ, ನಾನು ಕಿವಿಗೆ ಹಾಕಿಕೊಳ್ಳದೆ ಬಿಟ್ಟದ್ದೂ ಅದೊಂದೇ. ಆ ಹೊತ್ತಿನಲ್ಲಿ ನಾನು ಬಣ್ಣ ಆರಿಸುತ್ತಿದ್ದೆ. ಬಿಳಿಯಾದರೆ ಕೊಳೆ ಕಾಣುತ್ತದೆ, ನೀಲಿಯಾದರೆ ಆರೋಗ್ಯ ಶಿಬಿರದ ಹಾಗಿರುತ್ತದೆ, ಕೆಂಪಾದರೆ ಯಾವುದೋ ಪಕ್ಷದ್ದು ಎಂದುಕೊಳ್ಳುತ್ತಾರೆ. ಕಡೆಗೆ ಗಿಳಿ ಹಸಿರು ಆರಿಸಿದೆ, ಹತ್ತಡಿಗೆ ಇಪ್ಪತ್ತಡಿ, ಆರು ಕಾಲು, ಮೂರು ಗೋಡೆ. ಒಂದು ಗೋಡೆಗೆ ಪ್ಲಾಸ್ಟಿಕ್ಕಿನ ಕಿಟಕಿ ಇತ್ತು. ಕಿಟಕಿಯಲ್ಲಿ ಸೋಫಾ ಕಂಡೀತೆಂದು ಅದಕ್ಕೆ ಒಳಗಿನಿಂದ ಪರದೆ ಹೊಲಿದೆ. ಗೋಡೆಗೆ ಕಿಟಕಿ, ಕಿಟಕಿಗೆ ಪರದೆ. ಇನ್ನು ಒಂದು ಬಾಗಿಲು ಇಟ್ಟಿದ್ದರೆ ಗೃಹಪ್ರವೇಶವನ್ನೇ ಮಾಡಿಬಿಡಬಹುದಿತ್ತು.

ಎರಡು ದಿನ ಮುಂಚೆ ಅದನ್ನು ನಿಲ್ಲಿಸಿ ನೋಡಲು ಅರಕಲಗೂಡಿನಿಂದ ನನ್ನ ತಮ್ಮ ನಾಗರಾಜ ಬಂದ. ಅವನದು ಹಾರ್ಡ್‌ವೇರ್ ಅಂಗಡಿ, ಆದ್ದರಿಂದ ಲೋಕದಲ್ಲಿರುವ ಎಲ್ಲವನ್ನೂ ಅವನು ಒಂದು ಹಗ್ಗ ಮತ್ತು ಎರಡು ನಟ್ಟಿನಿಂದ ಸರಿಮಾಡಬಲ್ಲ ಎಂದು ನಂಬಿದ್ದಾನೆ. ಡಬ್ಬದ ಮೇಲಿನ ಚಿತ್ರದಲ್ಲಿ ಗಂಡ ಹೆಂಡತಿ ಆ ಕಡೆ ಈ ಕಡೆ ನಿಂತು ಎಳೆಯುತ್ತಾರೆ, ನಗುತ್ತಾರೆ, ಟೆಂಟು ಎದ್ದು ನಿಂತಿರುತ್ತದೆ. ನಾವೂ ಎಳೆದೆವು. ಯಾರೂ ನಗಲಿಲ್ಲ. ಯಜಮಾನರ ಹೆಬ್ಬೆರಳು ಕತ್ತರಿಯಂಥ ಪಟ್ಟಿಗಳ ನಡುವೆ ಸಿಕ್ಕಿಕೊಂಡಿತು. ಬಿಡಿಸಲು ಹೋದ ನಾಗರಾಜನ ಕೈಗಡಿಯಾರವೂ ಸಿಕ್ಕಿಕೊಂಡಿತು. ಭಾವ, ಭಾವಮೈದುನ ಇಬ್ಬರೂ ಟೆಂಟಿನೊಂದಿಗೆ ಒಂದಾಗಿ ರಸ್ತೆಯಲ್ಲಿ ನಿಂತಿದ್ದನ್ನು ನೋಡಿ ಹಾಲಿನವನು ಸೈಕಲ್ಲಿನಿಂದ ಇಳಿದ. ಅಂತೂ ಮಧ್ಯಾಹ್ನದೊಳಗೆ ಟೆಂಟು ಎದ್ದಿತು. ಮೂರು ಗೋಡೆಗಳನ್ನೂ ಇಳಿಬಿಟ್ಟು, ಓಡಾಡುವ ರಸ್ತೆಯ ಕಡೆಯನ್ನು ಮಾತ್ರ ತೆರೆದಿಟ್ಟ ಮೇಲೆ ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಖಾಲಿ ಸೈಟು ಇರಲಿಲ್ಲ! ಮದುವೆಯಾದ ಮೇಲೆ ಮೊದಲ ಸಲ ನಮ್ಮ ಬೀದಿ ಚೊಕ್ಕಟವಾಗಿ ಕಂಡಿತು.

ಡಬ್ಬದಲ್ಲಿ ಗಾಳಿಗೆ ಕಟ್ಟಲೆಂದು ಬೆರಳುದ್ದದ ಕಬ್ಬಿಣದ ಗೂಟಗಳಿದ್ದವು. ಯಜಮಾನರು ಒಂದನ್ನು ಸಿಮೆಂಟ್ ರಸ್ತೆಗೆ ಹೊಡೆದರು. ಗೂಟ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿತು.

"ಭಾವ, ಅದು ಮಣ್ಣಿಗೆ ಹೊಡೆಯೋದು ಕಣ್ ಭಾವ" ಎಂದ ನಾಗರಾಜ. "ಇಲ್ಲಿಗೆ ಭಾರ ಬೇಕು. ಇಪ್ಪತ್ತು ಲೀಟರ್ ನೀರಿನ ಕ್ಯಾನು, ಒಂದೊಂದು ಕಾಲಿಗೆ ಎರಡೆರಡು. ಇಲ್ಲ ಮರಳಿನ ಮೂಟೆ. ಬ್ಯಾರೆ ಮಾತೇ ಇಲ್ಲ."

ನಾನು ಒಪ್ಪಲಿಲ್ಲ. ಸೀಮಂತಕ್ಕೆ ಬಂದ ಬೀಗರ ಎದುರು ಹನ್ನೆರಡು ನೀರಿನ ಕ್ಯಾನು ಸಾಲಾಗಿ ಕೂತಿದ್ದರೆ, ಈ ಮನೆಯಲ್ಲಿ ಕುಡಿಯುವ ನೀರಿಗೂ ಪರದಾಟ ಎಂದುಕೊಳ್ಳುವುದಿಲ್ಲವೇ? ಬಾಣಂತಿಗೆ ದಿನಾ ಹಂಡೆಗಟ್ಟಲೆ ನೀರು ಬೇಕು. ಮರಳಿನ ಮೂಟೆ ಕಂಡರೆ, ಮನೆ ಇನ್ನೂ ರಿಪೇರಿಯಲ್ಲಿದೆ ಎಂದುಕೊಳ್ಳುತ್ತಾರೆ. ಯೋಚಿಸುತ್ತಾ ಒಳಗೆ ಹೋದವಳಿಗೆ ಮೂಲೆಯ ಕೋಣೆಯಲ್ಲಿ ಉತ್ತರ ಕಂಡಿತು. ನಮ್ಮ ಪಾಲಿನ ತೋಟದ ತೆಂಗಿನಕಾಯಿ, ಸುಲಿಸಿ ಮೂಟೆ ಕಟ್ಟಿಸಿದ್ದು, ಮೂಟೆಗೆ ನಲವತ್ತರಂತೆ ಆರು ಮೂಟೆ. ಟೆಂಟಿಗೂ ಆರೇ ಕಾಲು. ನನಗೆ ರೋಮಾಂಚನವಾಯಿತು. ಚನ್ನರಾಯಪಟ್ಟಣದಲ್ಲಿ ಕಂಬಕ್ಕೊಂದು ಕಾಯಿಮೂಟೆ ಒರಗಿಸಿಟ್ಟರೆ ಅದಕ್ಕಿಂತ ಮರ್ಯಾದೆ ಇನ್ನೇನಿದೆ? ಬೀಗಿತ್ತಿ ಬಾಯಿ ಬಿಟ್ಟು ಕೇಳುವ ಮುಂಚೆಯೇ ನಮ್ಮ ತೋಟ ತಾನಾಗಿ ಬಂದು ನಿಂತಿರುತ್ತದೆ!

"ಕಾಯಿ ಸುಮಾರಾಗಿ ಭಾರ ಇದೆ, ಆಗಬಹುದು" ಎಂದು ಯಜಮಾನರು ಒಂದು ಮೂಟೆಯನ್ನು ಎತ್ತಿ ನೋಡಿ ತೀರ್ಪು ಕೊಟ್ಟರು. ನಾಗರಾಜ ಹಳದಿ ನೈಲಾನ್ ಹಗ್ಗ ತಂದು ಮೂಟೆಯ ಸೊಂಟಕ್ಕೂ ಟೆಂಟಿನ ಕಾಲಿಗೂ ಬಿಗಿದ. "ಅಕ್ಕಾ, ಒಂದು ಮಾತು ನೆನಪಿಟ್ಕೋ. ಭಾರ ಕಾಲ ಬುಡದಲ್ಲೇ ಇರಬೇಕು. ಯಾರೂ ಮೂಟೆ ಮುಟ್ಟಂಗಿಲ್ಲ." ಯಾರು ಮುಟ್ಟುತ್ತಾರೆ? ಬೀದಿಯ ಮಕ್ಕಳಿಗೆಲ್ಲ ನಾನೇ ಹೆದರಿಸಿದೆ.

ಸೀಮಂತದ ದಿನ ಜಯಕ್ಕ ಇಪ್ಪತ್ತು ಜನ ಬರುತ್ತೇವೆ ಎಂದು ಹೇಳಿ, ಮಿನಿಬಸ್ಸಿನಲ್ಲಿ ಮೂವತ್ತೆಂಟು ಜನರೊಂದಿಗೆ ಇಳಿದರು. ಬಂದವರು ಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ಮನೆಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ, ಮೇಲಿನಿಂದ ಕೆಳಕ್ಕೆ ಒಂದು ಸಲ ನೋಡಿದರು. ಬಚ್ಚಲ ಹಂಡೆಯನ್ನು ತಟ್ಟಿ ನೋಡಿದರು. ತೊಟ್ಟಿಲ ಕೊಕ್ಕೆಯನ್ನು ದಿಟ್ಟಿಸಿದರು. ಆಮೇಲೆ ಹೊರಗೆ ಟೆಂಟಿನೊಳಗೆ ಬಂದು, ರಸ್ತೆಯ ಕಡೆಯ ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು, ಕಾಯಿಮೂಟೆಯ ಮೇಲೆ ಕೈಯಿಟ್ಟರು.

"ಏನಮ್ಮಾ ಇದು, ಕಾಯಿಗೆ ಟೆಂಟ್ ಕಟ್ಟಿದ್ದೀರೋ, ಟೆಂಟಿಗೆ ಕಾಯಿ ಕಟ್ಟಿದ್ದೀರೋ?"

"ತೋಟದ್ದು ಅಕ್ಕಾ, ಒಳಗೆ ಇಡೋಕೆ ಜಾಗ ಇರಲಿಲ್ಲ" ಎಂದೆ, ತೀರ ಸಾಧಾರಣ ವಿಷಯ ಎನ್ನುವ ಹಾಗೆ.

"ಊಂ. ಮೂರು ಕಡೆನೂ ಗ್ವಾಡೆ ಕಟ್ಬುಟ್ಟಿದ್ದೀರಲ್ಲ, ಉಸ್ರು ಕಟ್ತದೆ. ಒಂದು ಕಡೆ ಎತ್ತಿ ಕಟ್ಟಬಾರದಾ?"

ಯಜಮಾನರು ಪಾಪ, ಎತ್ತಿ ಕಟ್ಟಲು ಎದ್ದೇಬಿಟ್ಟರು. ನಾನು ಅವರ ಕಡೆ ನೋಡಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ನೋಟಗಳನ್ನೆಲ್ಲ ಬಾಯಿಪಾಠ ಮಾಡಿದ್ದಾರೆ; ಕೂತುಕೊಂಡರು. "ಏರು ಬಿಸಿಲು ಅಕ್ಕಾ, ಬಸುರಿ ಮೈಗೆ ಆಗಲ್ಲ" ಎಂದೆ. ಬಿಸಿಲು ಇನ್ನೊಂದು ಕಡೆಯಿಂದ ಬರುತ್ತಿತ್ತು.

ಶಾಸ್ತ್ರವೇನೋ ಚೆನ್ನಾಗಿಯೇ ಆಯಿತು. ಚೈತ್ರಳಿಗೆ ಹಸಿರು ಬಳೆ ತೊಡಿಸಿದರು, ಮಡಿಲು ತುಂಬಿದರು, ಆರತಿ ಎತ್ತಿದರು. ಮೇಲೆ ತಾರಸಿಯಲ್ಲಿ ಹೋಳಿಗೆ ಊಟ ಪಂಕ್ತಿ ಪಂಕ್ತಿಯಾಗಿ ನಡೆಯಿತು. ಚೈತ್ರ ಊಟ ಮಾಡಿ ಒಳಗಿನ ಕೋಣೆಯಲ್ಲಿ ಮಲಗಿದಳು. ಉಂಡವರು ಇಳಿದು ಟೆಂಟಿಗೆ ಬಂದರೆ, ರಸ್ತೆಯ ಕಡೆಯ ಕಂಬದ ಹತ್ತಿರ ಮೇಜು ಹಾಕಿಕೊಂಡು ನಾನು ತಾಂಬೂಲದ ಚೀಲ ಕೊಡುತ್ತಿದ್ದೆ. ಎಲೆ, ಅಡಿಕೆ, ಬಾಳೆಹಣ್ಣು, ರವಿಕೆ ಕಣ, ಒಂದು ತೆಂಗಿನಕಾಯಿ. ಬೀಗರ ಕಡೆಯ ಹೆಂಗಸರಿಗೆ ಜೋಡಿ ಕಾಯಿ. ಜುಟ್ಟು ನೆಟ್ಟಗಿರುವ ನೂರು ಕಾಯಿಗಳನ್ನು ಆರಿಸಿ, ಅರಿಶಿನ ಹಚ್ಚಿ ಬೇರೆಯಾಗಿಯೇ ಇಟ್ಟಿದ್ದೆ. ಬೀಗರು ಮೂವತ್ತೆಂಟು ಜನ, ನಮ್ಮ ಬೀದಿಯವರು ಕರೆದದ್ದಕ್ಕಿಂತ ಹೆಚ್ಚು ಜನ, ಜೊತೆಗೆ ಟೆಂಟು ನೋಡಲೆಂದೇ ಬಂದು ಉಂಡವರು ಕೆಲವರು. ಎರಡನೇ ಪಂಕ್ತಿ ಇಳಿಯುವ ಹೊತ್ತಿಗೆ ನೂರೂ ಮುಗಿದವು. ಎದುರಿಗೆ ಜಯಕ್ಕನ ನಾದಿನಿ ಕೈ ಚಾಚಿ ನಿಂತಿದ್ದರು.

ಕಾಯಿಯಿಲ್ಲದ ತಾಂಬೂಲ ಕೊಡುವುದೆಂದರೆ ನಮ್ಮ ಕಡೆ ಬರಿಗೈಯಲ್ಲಿ ಕಳಿಸಿದ ಹಾಗೆಯೇ. ಅದೂ ತೆಂಗಿನ ಊರಿನವರು, ಬೀಗರಿಗೆ! ನಾನು ಬಾಗಿ ಪಕ್ಕದ ಮೂಟೆಯ ಹೊಲಿಗೆ ಬಿಚ್ಚಿ ಎರಡು ಕಾಯಿ ತೆಗೆದೆ. ನಲವತ್ತರಲ್ಲಿ ಎರಡು ಹೋದರೆ ಟೆಂಟಿಗೇನು ಗೊತ್ತಾಗುತ್ತದೆ? ಇನ್ನೆರಡು. ಮತ್ತೆ ನಾಲ್ಕು. ಒಂದೇ ಕಾಲಿಗೆ ಅನ್ಯಾಯವಾಗಬಾರದೆಂದು ಮೇಜಿನ ಆಚೆಗಿದ್ದ ಇನ್ನೊಂದು ಮೂಟೆಯನ್ನೂ ಬಿಚ್ಚಿದೆ. ದೂರದ ನಾಲ್ಕು ಮೂಟೆಗಳ ತನಕ ಹೋಗಿ ಬರಲು ಪುರುಸೊತ್ತಿರಲಿಲ್ಲ. ಕೊಡುವ ಕೈಗೆ ಬರುವ ಹೊಗಳಿಕೆ ಬೇರೆ: "ಏನ್ ದಪ್ಪ ಕಾಯಿ ಕಣಮ್ಮ ನಿಮ್ಮವು!" ಎಂದು ಯಾರೋ ಅಂದರು. ಆ ಮಾತಿಗೆ ಅವರ ಚೀಲಕ್ಕೆ ಇನ್ನೊಂದು ಬಿತ್ತು.

ಸ್ವಲ್ಪ ಹೊತ್ತಿಗೆ ನೋಡಿದರೆ ಆ ಎರಡು ಮೂಟೆಗಳು ಉಪವಾಸ ಮಾಡಿದವರ ಹೊಟ್ಟೆಯ ಹಾಗೆ ಒಳಕ್ಕೆ ಹೋಗಿದ್ದವು. ಅದರಲ್ಲೊಂದು ಜಯಕ್ಕನ ಕುರ್ಚಿಯ ಪಕ್ಕದಲ್ಲೇ ಇತ್ತು. ಅವರು ಆಗ ಕೈ ತೊಳೆಯಲು ಒಳಗೆ ಹೋಗಿದ್ದರು, ಉಳಿದವರು ಮಿನಿಬಸ್ಸಿನ ಹತ್ತಿರವೋ ತಾರಸಿಯ ಮೇಲೋ ಇದ್ದರು. ಆ ಸಮಯದಲ್ಲಿ ನಾನು ಮಾಡಿದ ಕೆಲಸವನ್ನು ಇದುವರೆಗೆ ಯಜಮಾನರಿಗೂ ಹೇಳಿಲ್ಲ. ಒಳಗೆ ಓಡಿ, ಮಂಚದ ಮೇಲಿದ್ದ ಎರಡು ದಿಂಬುಗಳನ್ನು ಸೆರಗಿನಲ್ಲಿ ಮರೆಮಾಡಿ ತಂದು, ಮೂಟೆಗೊಂದರಂತೆ ತುರುಕಿ, ಮೇಲೆ ನಾಲ್ಕು ಕಾಯಿ ಕಾಣುವ ಹಾಗೆ ಇಟ್ಟು ಬಾಯಿ ಸಡಿಲವಾಗಿ ಕಟ್ಟಿದೆ. ಮೂಟೆಗಳು ಮೊದಲಿಗಿಂತ ದುಂಡಗಾದವು. ನನ್ನ ಕೆಲಸ ನನಗೇ ಇಷ್ಟವಾಯಿತು.

ಜಯಕ್ಕ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅವರ ಕಡೆಯವರೆಲ್ಲ ಮಿನಿಬಸ್ಸು ಹತ್ತಿದ್ದರು, ನಮ್ಮ ಅಳಿಯನೂ ಚೀಲಗಳನ್ನು ಜೋಡಿಸುತ್ತಾ ಅಲ್ಲೇ ಇದ್ದ. ಡ್ರೈವರು ಒಮ್ಮೆ ಹಾರನ್ ಹೊಡೆದ. ಚೈತ್ರಳ ಚೀಲ ಹೊಸಿಲ ಒಳಗೆ ನಿಂತಿತ್ತು, ಎತ್ತಿ ಬಸ್ಸಿಗಿಡಬೇಕೋ ಕೋಣೆಗೆ ಒಯ್ಯಬೇಕೋ ಎಂದು ಯಾರಿಗೂ ಗೊತ್ತಿಲ್ಲದೆ. ಜಯಕ್ಕ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟು, ನಿಧಾನವಾಗಿ ಶುರುಮಾಡಿದರು.

"ನೋಡಮ್ಮ ಸರೋಜಮ್ಮ. ಮನೆ ನೋಡ್ದೆ. ಮನೆ ಪರವಾಗಿಲ್ಲ. ಬೀದಿನೂ ಚೊಕ್ಕವಾಗೈತೆ, ನಾನು ಏನೋ ಅಂದ್ಕಂಡಿದ್ದೆ…"

ಆಗ ಗಾಳಿ ಬಂತು. ಆಷಾಢ ಇನ್ನೂ ಹುಟ್ಟಿರಲಿಲ್ಲ, ಆದರೆ ನಮ್ಮ ಕಡೆಯ ಗಾಳಿ ಪಂಚಾಂಗ ನೋಡಿಕೊಂಡು ಬರುವಂಥದ್ದಲ್ಲ. ರಸ್ತೆಯ ತುದಿಯಲ್ಲಿ ಧೂಳೆದ್ದದ್ದು ಕಂಡಿತು. ಅದು ಗೋಡೆಯಿಲ್ಲದ ಕಡೆಯಿಂದ ನೇರವಾಗಿ ಒಳಗೆ ನುಗ್ಗಿತು. ನುಗ್ಗಿದ್ದಕ್ಕೆ ಹೊರಗೆ ಹೋಗಲು ದಾರಿಯಿರಲಿಲ್ಲ, ಮೂರು ಕಡೆಗೂ ನನ್ನ ಗೋಡೆಗಳಿದ್ದವು. ಗಿಳಿ ಹಸಿರು ಬಟ್ಟೆ ಹೋಳಿಗೆಯ ಹಾಗೆ ಉಬ್ಬಿತು. ದೂರದ ನಾಲ್ಕು ಕಾಲುಗಳು ತಮ್ಮ ಕಾಯಿಗಳನ್ನು ಹಿಡಿದುಕೊಂಡು ನಿಂತವು. ರಸ್ತೆಯ ಕಡೆಯ ಎರಡು ಕಾಲುಗಳು ದಿಂಬುಗಳ ಸಮೇತ ನೆಲ ಬಿಟ್ಟವು.

"ಭಾವಾ, ಗ್ವಾಡೆ ಬಿಚ್ಚಿ ಭಾವಾ!" ಎಂದು ನಾಗರಾಜ ಕೂಗುತ್ತಾ ಒಂದು ಕಂಬಕ್ಕೆ ಜೋತುಬಿದ್ದ. ಯಜಮಾನರು ಯಾವ ಗೋಡೆ ಮೊದಲು ಎಂದು ಯೋಚಿಸುತ್ತಾ ನಿಂತರು. ನಾನು ತಾಂಬೂಲದ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಹಾರಿಹೋಗುತ್ತಿರುವುದು ಅದೇ ಏನೋ ಎನ್ನುವ ಹಾಗೆ. ಅಲ್ಲಿದ್ದವರಲ್ಲಿ ಬುದ್ಧಿ ಓಡಿಸಿದವರು ಒಬ್ಬರೇ. ಜಯಕ್ಕ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಳುತ್ತಿದ್ದ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. "ಯಾಕ್ರಲಾ ನೋಡ್ತಾ ನಿಂತಿದ್ದೀರಾ, ಬಂದು ಇಡ್ಕಳ್ರೋ!" ಎಂಬ ಅವರ ಕೂಗಿಗೆ ಮಿನಿಬಸ್ಸು ಖಾಲಿಯಾಯಿತು. ಅವರು ಬರುವಷ್ಟರಲ್ಲಿ ಹಿಂದಿನ ಗೋಡೆ ಪರ್ರನೆ ಹರಿದು ಗಾಳಿ ಆಚೆ ಹೋಯಿತು. ಎದ್ದಿದ್ದ ಕಂಬ ದಡ್ಡನೆ ಕೆಳಕ್ಕೆ ಇಳಿದು, ಅದರ ಕಬ್ಬಿಣದ ಪಾದ ಜಯಕ್ಕನ ಪಾದದ ಮೇಲೆ ಕೂತಿತು.

ಹರಿದ ಗೋಡೆಯ ಜಾಗದಲ್ಲಿ ಖಾಲಿ ಸೈಟು ಕಂಡಿತು. ಬೋರ್ಡು, ಕಸ, ಸೋಫಾ. ಸೋಫಾದ ಮೇಲೆ ಹಂದಿಯ ಸಂಸಾರ, ಕಾರ್ಯಕ್ರಮ ನೋಡಲು ಬಂದವರ ಹಾಗೆ ಸಾಲಾಗಿ. ಮೂವತ್ತೆಂಟು ಜನ ಬೀಗರು ಕೈಯಲ್ಲಿ ನನ್ನ ಕಾಯಿಯ ಚೀಲ ಹಿಡಿದು ಅದನ್ನೇ ನೋಡುತ್ತಾ ನಿಂತರು. ನಾನು ಭೂಮಿ ಬಾಯಿಬಿಡಲಿ ಎಂದುಕೊಂಡೆ. ಸಿಮೆಂಟ್ ರಸ್ತೆ, ಬಿಡಲಿಲ್ಲ.

ಅಷ್ಟರಲ್ಲಿ ನನಗೆ ಇನ್ನೊಂದು ಕಂಡಿತು. ಮೂಟೆಯ ಬಾಯಿ ಬಿಚ್ಚಿಕೊಂಡು, ಹೂವಿನ ಗವಸಿನ ದಿಂಬು ನೆಲಕ್ಕೆ ಉರುಳಿತ್ತು. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಜಯಕ್ಕ ಅದನ್ನು ನೋಡಿದರು. ಮೂಟೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಏನೂ ಆಗದವರ ಹಾಗೆ ದಿಂಬನ್ನು ಎಳೆದುಕೊಂಡು ತಮ್ಮ ಊದುತ್ತಿದ್ದ ಕಾಲಿನ ಕೆಳಗೆ ಇಟ್ಟುಕೊಂಡರು. ನೋಡಿದವರೆಲ್ಲ, ನೋವಾದ ಕೂಡಲೇ ದಿಂಬು ತಂದುಕೊಟ್ಟ ನನ್ನ ಚುರುಕುತನವನ್ನು ಹೊಗಳಿದರು. ಇನ್ನೊಂದು ದಿಂಬು ಮೂಟೆಯೊಳಗೇ ಇತ್ತು. ಬೈಸಿಕೊಂಡದ್ದು ಮಾತ್ರ ನಾಗರಾಜನ ಗಂಟು. "ಹಾರ್ಡ್‌ವೇರ್ ಅಂಗಡಿ ಇಟ್ಕೊಂಡು ಒಂದು ಗಂಟು ಹಾಕೋಕೆ ಬರಲ್ವಲ್ಲೋ" ಎಂದರು ಯಜಮಾನರು. ಅವನು "ಗಂಟು ಅಂಗೇ ಐತಲ್ಲ ಭಾವ" ಎಂದು ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ತಮ್ಮನಿಗೆ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದೆ, ಅಷ್ಟೇ ನನ್ನಿಂದಾದದ್ದು.

ಡಾಕ್ಟರು ಮೂಳೆ ಮುರಿದಿಲ್ಲ ಎಂದರು. ಆದರೆ ಮೂರು ವಾರ ಮೆಟ್ಟಿಲು ಹತ್ತಬಾರದು, ಕಾಲು ಊರಬಾರದು. ಹೊಳೆನರಸೀಪುರದಲ್ಲಿ ಅವರ ಮನೆ ಮೊದಲನೇ ಮಹಡಿಯಲ್ಲಿದೆ. ಅಳಿಯ ತಲೆ ಕೆರೆದುಕೊಂಡ. ಜಯಕ್ಕ ನಮ್ಮ ಮಂಚದ ಮೇಲೆ ಒರಗಿಕೊಂಡು ತೀರ್ಪು ಹೇಳಿದರು.

"ನಾನು ಇಲ್ಲೇ ಇರ್ತೀನಿ ಬುಡು. ಬೀಗರ ಮನೇಲಿ ಒಬ್ಳೇ ಯಂಗಿರಾನ? ಸೊಸೆನೂ ನನ್ನ ಜೊತೇಲಿ ಇಲ್ಲೇ ಇರ್ಲಿ. ಅವಳ ಚೀಲ ಒಳಕ್ಕೆ ಎತ್ತಿಡ್ಲಾ."

ಹೀಗೆ ನನ್ನ ಮಗಳು ತವರಿನಲ್ಲಿ ಉಳಿದಳು, ಅತ್ತೆಗೆ ಜೊತೆಯಾಗಿ. ನಾನು ಕೇಳಿಕೊಂಡದ್ದು ಅಕ್ಷರಶಃ ನೆರವೇರಿತು. ಬಸುರಿಗಿಂತ ಮೊದಲು ಬೀಗಿತ್ತಿಯ ಬಾಣಂತನ ಶುರುವಾಯಿತು. ಬೆಳಗ್ಗೆ ಬಿಸಿನೀರಿನ ಕಾವು, ಮಧ್ಯಾಹ್ನ ಮೆಣಸಿನ ಸಾರು, ಸಂಜೆ ಎಣ್ಣೆ ತಿಕ್ಕುವುದು. ಚೈತ್ರಳಿಗೆಂದು ಬಿಡಿಸಿಟ್ಟ ಬೆಳ್ಳುಳ್ಳಿ ಅರ್ಧ ಖರ್ಚಾಗಿದೆ. ಮಗಳು ಪಕ್ಕದಲ್ಲಿ ಕೂತು "ಅಮ್ಮಾ, ಅತ್ತೆಗೆ ಇನ್ನೂ ಸ್ವಲ್ಪ ಗಟ್ಟಿಯಾಗಿ ತಿಕ್ಕಮ್ಮಾ" ಎಂದು ಹೇಳಿಕೊಡುತ್ತಾಳೆ. ಖಾಲಿ ಸೈಟಿನ ಕಸ ಜಯಕ್ಕನ ಬಾಯಿಗೆ ಹೆದರಿದ ಬೀದಿಯವರ ಕೈಯಿಂದಲೇ ಎರಡೇ ದಿನದಲ್ಲಿ ಖಾಲಿಯಾಯಿತು. ಜಯಕ್ಕ ಕಿಟಕಿಯಲ್ಲಿ ಕೂತು, ಯಾರು ಏನು ಎಸೆಯಲು ಬಂದರೂ "ಯಾರಮ್ಮಾ ಅದು, ನಿನ್ನೆಸ್ರೇನು?" ಎಂದು ಕೇಳುತ್ತಾರೆ. ಹೆಸರು ಹೇಳಿ ಕಸ ಎಸೆಯುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ನನ್ನ ಸೊಪ್ಪಿನ ದಂಟನ್ನು ನಾನೂ ಈಗ ಮೂರು ಬೀದಿ ಆಚೆಗೆ ಒಯ್ಯುತ್ತೇನೆ.

ನಿನ್ನೆ ಸಂಜೆ ಎಣ್ಣೆ ತಿಕ್ಕುತ್ತಿದ್ದೆ. ಚೈತ್ರ ಹಿತ್ತಲಲ್ಲಿದ್ದಳು, ಯಜಮಾನರು ಹೊರಗೆ ಹರಿದ ಗೋಡೆಗೆ ತೇಪೆ ಹಚ್ಚುತ್ತಿದ್ದರು. ಜಯಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಸರೋಜಮ್ಮ, ಕೂಸಿನ ತೊಟ್ಲು ಶಾಸ್ತ್ರಕ್ಕೆ ಏನ್ ಮಾಡ್ತೀಯ?"

"ಛತ್ರವೇ ನೋಡ್ತೀವಿ ಅಕ್ಕಾ. ಟೆಂಟಿನ ಸಹವಾಸ ಸಾಕು."

"ಯಾಕಮ್ಮಾ? ಟೆಂಟೇ ಆಕ್ಸು, ಚೆನ್ನಾಗಿತ್ತು." ಒಂದೇ ಕಣ್ಣು ತೆರೆದರು. "ಯಂಗೂ ಅಲ್ಲೀಗಂಟ ಇಲ್ಲೇ ಇರ್ತೀನಲ್ಲ, ಮೂಟೆ ತಾವ ಮಾತ್ರ ನಾನು ಕುಂತ್ಕತೀನಿ."

ಏಳನೇ ತಿಂಗಳಿನಿಂದ ಹೆರಿಗೆಗೆ ಎಷ್ಟು ದಿನ, ಹೆರಿಗೆಯಿಂದ ತೊಟ್ಟಿಲ ಶಾಸ್ತ್ರಕ್ಕೆ ಎಷ್ಟು ದಿನ ಎಂದು ನಾನು ಮನಸ್ಸಿನಲ್ಲೇ ಕೂಡಿಸಿದೆ. ಆಮೇಲೆ ಎದ್ದು, ಎಣ್ಣೆಯ ಬಟ್ಟಲನ್ನು ಮತ್ತೆ ಬಿಸಿಗಿಟ್ಟೆ.